ಓಗೊಡತಕ್ಕದ್ದಲ್ಲ

ಕನ್ನಡಕದ ಎಡಗಡೆಯ ಕಡ್ಡಿ ಕಳಚಿ ಕೈಗೇ ಬಂದಾಗ ಅವನಿಗೆ ಮೊದಲು ನಗು ಬಂತು. ಮೂವತ್ತೆಂಟು ವರ್ಷ ಊರಿಗೆಲ್ಲ ಕನ್ನಡಕ ತೊಡಿಸಿದವನ ಮನೆಯಲ್ಲಿ ಒಂದು ಸ್ಕ್ರೂ ತಿರುಗಿಸುವುದಕ್ಕೆ ಗತಿಯಿಲ್ಲ. ಮಂಚದ ಪಕ್ಕ ಮಂಡಿಯೂರಿ ಅಂಗೈಯಿಂದ ನೆಲ ಸವರಿದ. ಎಳ್ಳಿನ ಕಾಳಿಗಿಂತ ಸಣ್ಣ ಸ್ಕ್ರೂ. ಅಂಗಡಿಯಲ್ಲಿದ್ದಾಗ ಅಂಥವು ದಿನಕ್ಕೆ ನಾಲ್ಕು ಬೀಳುತ್ತಿದ್ದವು, ಅವನು ಬಗ್ಗುವ ಗೋಜಿಗೇ ಹೋಗದೆ ಡಬ್ಬಿಯಿಂದ ಇನ್ನೊಂದನ್ನು ತೆಗೆಯುತ್ತಿದ್ದ. ಈಗ ಆ ಡಬ್ಬಿ ಅವನದಲ್ಲ. ಕ್ರಯಪತ್ರದ ಕೊನೆಗೆ ಲಗತ್ತಿಸಿದ ಪಟ್ಟಿಯಲ್ಲಿ ಅದೂ ಇತ್ತು: ಸಣ್ಣ ಸ್ಕ್ರೂಡ್ರೈವರ್ ಆರು, ಇಕ್ಕಳ ಮೂರು, ಸ್ಕ್ರೂ ತುಂಬಿದ ತಗಡಿನ ಡಬ್ಬಿ ಒಂದು, ಪರೀಕ್ಷೆಯ ಗಾಜುಗಳ ಪೆಟ್ಟಿಗೆ ಒಂದು, ತಿರುಗುವ ಕುರ್ಚಿ ಒಂದು, ದಪ್ಪ ಕಪ್ಪು ಪರದೆ ಒಂದು, ಬೂದು ಬಣ್ಣದ ಕೋಟು ಒಂದು. ಕೋಟನ್ನು ಯಾಕೆ ಬರೆಸಿದನೋ ಅಂಗಡಿ ಕೊಂಡವನು. ತೋಳಿನ ಹೊಲಿಗೆ ಬಿಟ್ಟ, ಬಲಗಡೆಯ ಜೇಬು ಜೋತುಬಿದ್ದ ಕೋಟು. ‘ಇರ್ಲಿ ಬಿಡಿ, ಅಂಗಡಿ ಜೊತೆಗೆ ಇರೋದೇ ಅಲ್ವಾ’ ಅಂದಿದ್ದ. ಮಂಚದ ಕೆಳಗಿನ ಕತ್ತಲಲ್ಲಿ ಬೆರಳಿಗೆ ತಣ್ಣಗೆ ಏನೋ ತಗುಲಿತು. ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಅಂಗಿಯ ಗುಂಡಿ.

“ಊಟ ಮುಚ್ಚಿಟ್ಟಿದೆ. ಇವತ್ತು ಶನಿವಾರ, ಅರ್ಧ ದಿನ. ಎರಡು ಗಂಟೆಗೆಲ್ಲ ಬಂದ್ಬಿಡ್ತೀನಿ,” ಎಂದಳು ತಮ್ಮನ ಮಗಳು, ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ. ಅವನು ನೆಲದ ಮೇಲಿಂದಲೇ ಹ್ಞೂಂ ಅಂದ. ಏನು ಹುಡುಕುತ್ತಿದ್ದೀರಿ ಎಂದು ಅವಳು ಕೇಳಬಹುದಿತ್ತು, ಕೇಳಲಿಲ್ಲ. ಯಾರನ್ನೂ ಕರೆಯದೆ ಮಾತಾಡುವುದು ಎಷ್ಟು ಸುಲಭವೆಂದು ಅವನಿಗೆ ಅಂಗಡಿ ಮಾರಿದ ಈ ಏಳು ತಿಂಗಳಲ್ಲಿ ಗೊತ್ತಾಗಿತ್ತು. ಊಟ ಆಯ್ತಾ, ದೀಪ ಆರಿಸ್ಲಾ, ಮಾತ್ರೆ ತಗೊಂಡಿದ್ದಾಯ್ತಾ. ಗೋಡೆಗೆ ಹೇಳಿದರೂ ಸರಿಹೋಗುವ ಮಾತುಗಳು. ಸಿಡುಕಿಲ್ಲ, ಮುಖ ಗಂಟಿಕ್ಕಿಕೊಳ್ಳುವುದಿಲ್ಲ, ಅವನ ಅಂಗಿಗೆ ಇಸ್ತ್ರಿ ತಪ್ಪುವುದಿಲ್ಲ. ಅವಳ ಕೆಲಸ ಆಸ್ಪತ್ರೆಯಲ್ಲಿ, ಹೊರರೋಗಿಗಳ ಸಾಲಿನ ಎದುರು ಚೀಟಿ ಹಿಡಿದು ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗುವುದು. ದಿನಕ್ಕೆ ಇನ್ನೂರು ಹೆಸರು ಕೂಗಿ ಗಂಟಲು ಒಣಗಿಸಿಕೊಂಡು ಬರುವವಳು ಮನೆಯಲ್ಲಿ ಒಂದನ್ನು ಮಾತ್ರ ಕೂಗುತ್ತಿರಲಿಲ್ಲ. ಆ ಒಂದು ಕೂಗಿಗಾಗಿ ತಾನು ಕಿವಿ ನೆಟ್ಟು ಕೂತಿರುತ್ತೇನೆ ಎಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆ. ಆದರೆ ನಿಜವೇ. ಬಚ್ಚಲಲ್ಲಿ ನೀರು ಬಿಟ್ಟುಕೊಂಡಿದ್ದಾಗ ಕೂಡ ಒಮ್ಮೊಮ್ಮೆ ನಲ್ಲಿ ನಿಲ್ಲಿಸಿ ಕೇಳುತ್ತಿದ್ದ.

ಆ ಹೆಸರನ್ನು ಮೊದಲು ಕೂಗಿದವಳೇ ಅವಳು. ಅವಳನ್ನು ಹೆತ್ತು ತಾಯಿ ಹೋದಳು, ನಾಲ್ಕು ವರ್ಷಕ್ಕೆ ತಮ್ಮನೂ ಹೋದ, ಮದುವೆಯ ಯೋಚನೆಯನ್ನೇ ಮಾಡದ ಅಣ್ಣನ ಕೈಗೆ ಒಂದು ಮಗು ಬಂತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅಂಗಡಿಗೇ ಕರೆತಂದು ಮುಂದಿನ ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ಹಿಂದಿನ ಕೋಣೆ ಕಣ್ಣು ಪರೀಕ್ಷೆಯದು, ನಡುವೆ ಕಪ್ಪು ಪರದೆ. ಪರೀಕ್ಷೆ ನಡೆಯುವಾಗ ಪರದೆ ಎತ್ತಕೂಡದು, ಬೆಳಕು ಬಿದ್ದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುತ್ತದೆ, ಎಲ್ಲ ಮೊದಲಿನಿಂದ ಶುರುಮಾಡಬೇಕು. ಇದೊಂದನ್ನು ಅವಳು ಎಷ್ಟು ಗಟ್ಟಿಯಾಗಿ ಕಲಿತಳೆಂದರೆ ಬೆಂಕಿ ಬಿದ್ದರೂ ಪರದೆ ಮುಟ್ಟುತ್ತಿರಲಿಲ್ಲವೇನೋ. ಗಿರಾಕಿ ಬಂದರೆ ಹೊರಗಿನಿಂದ ‘ದೊಡ್ಡಪ್ಪಾ’ ಎಂದು ಕೂಗುತ್ತಿದ್ದಳು, ಒಳಗಿನಿಂದ ಅವನು ‘ಓ, ಹೇಳು’ ಎನ್ನುತ್ತಿದ್ದ, ಆಮೇಲೆ ವಿಷಯ. ಶಾಲೆಯಲ್ಲಿ ಏಟು ತಿಂದದ್ದು, ಪೆನ್ಸಿಲ್ ಕದ್ದದ್ದು, ದೊಡ್ಡವಳಾದ ಮೇಲೆ ಹೊಟ್ಟೆ ನೋವೆಂದದ್ದು, ಎದುರಿಗೆ ನಿಂತು ಹೇಳಲಾಗದ್ದೆಲ್ಲ ಪರದೆಯ ಆಚೆಯಿಂದಲೇ ಬಂತು. ಕೇಳಿ ಕೇಳಿ ಗಿರಾಕಿಗಳೂ ದೊಡ್ಡಪ್ಪ ಎನ್ನತೊಡಗಿದರು. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೆಯೇ ಕರೆದರು. ಬೋರ್ಡಿಗೆ ಹೊಸ ಬಣ್ಣ ಹೊಡೆಯಲು ಬಂದ ಪೇಂಟರು ಕೇಳದೆಯೇ ‘ದೊಡ್ಡಪ್ಪ ಕನ್ನಡಕದ ಅಂಗಡಿ’ ಎಂದು ಬರೆದು ಇಳಿದಿದ್ದ. ತೆರಿಗೆಯ ಕಚೇರಿಯಲ್ಲೂ ಅದೇ ದಾಖಲಾಯಿತು.

ಕಳಚಿದ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡು, ಒಂದೇ ಕಡ್ಡಿಯ ಕನ್ನಡಕವನ್ನು ಕೈಯಿಂದ ಹಿಡಿದುಕೊಂಡು ಮಧ್ಯಾಹ್ನದವರೆಗೂ ಕೂತ. ಬೇರೆ ಅಂಗಡಿ ಪೇಟೆಯಲ್ಲಿ ಇಲ್ಲದೆ ಇಲ್ಲ. ಆದರೆ ಬೀದಿಗಿಳಿದ ಮೇಲೆ ಅವನ ಕಾಲು ಎಡಕ್ಕೆ ತಿರುಗಿತು, ಆಮೇಲೆ ಔಷಧಿ ಅಂಗಡಿಯ ಹತ್ತಿರ ಬಲಕ್ಕೆ. ವಕೀಲರು ಹೇಳಿದ್ದು ನೆನಪಾಯಿತು. ಪತ್ರದ ಕರಡಿನಲ್ಲಿ ಗುಡ್‌ವಿಲ್ ಎಂಬ ಪದ ಕಂಡು ಇದೇನು ಸ್ವಾಮಿ ಎಂದು ಕೇಳಿದಾಗ ಅವರು ಮೇಜಿನ ಕೆಳಗೆ ತಮ್ಮದೇ ಪಾದ ಕುಣಿಸುತ್ತ, “ಅದೇನೂ ಇಲ್ಲ, ಗಿರಾಕಿ ಕಾಲಿಗಿರೋ ಅಭ್ಯಾಸ. ಕನ್ನಡಕ ಒಡೀತು ಅಂದ ತಕ್ಷಣ ಕಾಲು ತಾನಾಗೇ ಯಾವ ಕಡೆ ತಿರುಗುತ್ತೋ ಅದು. ಮುಟ್ಟೋಕಾಗಲ್ಲ, ತೂಗೋಕಾಗಲ್ಲ, ಆದ್ರೆ ಮಾರಬಹುದು,” ಅಂದಿದ್ದರು. ಅದೇ ಒಂದು ವಿಚಿತ್ರ ಖುಷಿ ಅವನಿಗೆ ಆ ದಿನ. ಇಷ್ಟು ವರ್ಷ ಗಾಜು, ಫ್ರೇಮು ಮಾರುತ್ತಿದ್ದೇನೆಂದುಕೊಂಡವನು ಮುಟ್ಟಲಾಗದ ಏನನ್ನೋ ಕೂಡಿಟ್ಟಿದ್ದ. ಕೊಂಡವನು ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ, ನಲವತ್ತೈದರ ಆಸುಪಾಸು, ಒಮ್ಮೆ ನೋಡಿದರೆ ಮರೆತುಹೋಗುವ ಮುಖ. ವಕೀಲರು ಓದುತ್ತ ಹೋದರು: ಅಂಗಡಿಯನ್ನು ಹೆಸರು ಹಾಗೂ ಗುಣದೋಷಗಳ ಸಮೇತ ಇದ್ದದ್ದು ಇದ್ದ ಹಾಗೆ ಕೊಳ್ಳಲಾಗಿದೆ, ಮಾರಿದವರು ಐದು ವರ್ಷ ಈ ಪೇಟೆಯಲ್ಲಿ ಇದೇ ವ್ಯಾಪಾರ ಮಾಡತಕ್ಕದ್ದಲ್ಲ, ಮಾರಿದವರು ಸದರಿ ಹೆಸರನ್ನು ಯಾವುದೇ ವಿಧದಲ್ಲಿ ಬಳಸತಕ್ಕದ್ದಲ್ಲ. ಅಲ್ಲಿಗೆ ನಿಲ್ಲಬಹುದಿತ್ತು. ತನ್ನ ದೊಡ್ಡ ಮನಸ್ಸನ್ನು ತೋರಿಸಿಕೊಳ್ಳುವ ಚಪಲಕ್ಕೆ ಅವನೇ, “ಬಳಸೋದೇನ್ರೀ, ಕರೆದ್ರೂ ಓಗೊಡಲ್ಲ ಅಂತ ಬರ್ಕೊಳ್ಳಿ!” ಎಂದು ನಕ್ಕ. ವಕೀಲರು ನಕ್ಕರು. ಬಾಗಿಲ ಬಳಿಯ ಟೈಪಿಸ್ಟಳೂ ನಕ್ಕಳು. ಕೊಂಡವನು ನಗಲಿಲ್ಲ. “ಬರ್ಕೊಳ್ಳಿ,” ಅಂದ. ಕೀಲಿಗಳ ಸದ್ದಾಯಿತು: ಸದರಿ ಹೆಸರಿನಿಂದ ಯಾರೇ ಕರೆದರೂ ಮಾರಿದವರು ಓಗೊಡತಕ್ಕದ್ದಲ್ಲ. ಪ್ರತಿ ಪುಟದ ಕೆಳಗೂ ಅವನು ಸಹಿ ಹಾಕಿದ, ಆ ಪುಟಕ್ಕೂ.

ತಮ್ಮನ ಮಗಳು ಆ ಸಂಜೆ ಊಟದ ಮೇಜಿನ ಮೇಲೆ ಪ್ರತಿಯನ್ನು ಹರಡಿಕೊಂಡು ಕೊನೆಯ ಪಟ್ಟಿಯವರೆಗೂ ಓದಿದಳು. ಹಿಂದಕ್ಕೆ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಇದು ನಾನು ಕರೀತಿದ್ದ ಮಾತಲ್ವಾ?” ಅಂದಳು. “ನನ್ನ ಮಾತನ್ನ ನನ್ನ ಕೇಳ್ದೆ ಮಾರಿದ್ರಿ.” ಅಷ್ಟೇ. ಕಾಗದಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ ಕೊಟ್ಟಳು. ಇನ್ನೆರಡು ವರ್ಷ ಆಸ್ಪತ್ರೆಯ ಕೆಲಸ ಮಾಡಿ ಆಮೇಲೆ ಅಂಗಡಿಯಲ್ಲಿ ಬಂದು ಕೂತುಕೊಳ್ಳುತ್ತೇನೆ ಎಂದು ಅವಳು ಹೇಳುತ್ತಿದ್ದಳು, ಭಾನುವಾರಗಳಲ್ಲಿ ಬಂದು ಕೆಲಸ ಕಲಿತೂ ಇದ್ದಳು. ಅದಕ್ಕೇ ಮಾರಿದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೈ ನಡುಗುತ್ತದೆ, ವಯಸ್ಸಾಯಿತು ಎಂದು ಎಲ್ಲರಿಗೂ ಹೇಳಿದ್ದ. ನಡುಗಿದ್ದು ಕೈಯಲ್ಲ. ನಾಲ್ಕು ವರ್ಷದಿಂದ ಅವನ ಕಣ್ಣಿನ ನಟ್ಟನಡುವೆ ಒಂದು ಮಬ್ಬು ಕೂತಿತ್ತು, ಸೀಸದ ಬಣ್ಣದ್ದು, ಯಾವುದನ್ನು ನೋಡಬೇಕೋ ಅದರ ಮೇಲೇ ಬಂದು ಕೂರುವಂಥದ್ದು. ಗಾಜು ಎಷ್ಟು ಓರೆಯಾಗಿ ಕೂರಬೇಕೆಂಬ ಅಂಕಿಯನ್ನು ಅವನು ಗಿರಾಕಿಗಳ ಪುಸ್ತಕದಲ್ಲಿ ಅಂದಾಜಿನಿಂದ ಬರೆಯುತ್ತಿದ್ದ. ಮೂರೋ ಎಂಟೋ. ಹೆಚ್ಚಿನ ಸಲ ಅಂದಾಜು ಸರಿಯಿತ್ತು. ಒಂದು ಹುಡುಗಿ, ಎರಡು ಜಡೆಯ, ಎಂಟು ವರ್ಷದವಳು. ಮೂವತ್ತರ ಬದಲು ಎಂಬತ್ತು. ತಾಯಿ ಮೂರು ಸಲ ಮಗುವಿನ ಕೈಹಿಡಿದು ಬಂದಳು, ತಲೆ ನೋವಂತೆ, ಮೆಟ್ಟಿಲು ವಾಲಿದ ಹಾಗೆ ಕಾಣುತ್ತಂತೆ, ಆಡುವಾಗ ಬಿದ್ದಳಂತೆ. ಮೂರು ಸಲವೂ ಅವನು ಕೋಟಿನ ಅಂಚಿನಿಂದ ಗಾಜು ಒರೆಸಿಕೊಟ್ಟು, ‘ಅಭ್ಯಾಸ ಆಗುತ್ತಮ್ಮಾ’ ಅಂದ. ಮೂರನೆಯ ಸಲ ಮಗುವಿನ ಮೊಣಕಾಲಿನ ಮೇಲೆ ಕೆಂಪು ಔಷಧಿ ಹಚ್ಚಿತ್ತು. ಅವರು ಹೋದ ಮೇಲೆ ಪುಸ್ತಕ ತೆಗೆದು ಮಗುವಿನ ಹಿಂದಿನ ವರ್ಷದ ಅಂಕಿಯ ಜೊತೆಗೆ ಹೊಸದನ್ನು ಭೂತಗನ್ನಡಿ ಹಿಡಿದು ನೋಡಿದ, ತಪ್ಪು ಕಂಡಿತು. ಕರೆಸಿ ಬದಲಾಯಿಸಿಕೊಡಬಹುದಿತ್ತು. ಅವನು ಪುಸ್ತಕ ಮುಚ್ಚಿಟ್ಟ. ತಮ್ಮನ ಮಗಳು ಅಂಗಡಿಯಲ್ಲಿ ಕೂತ ದಿನವೇ ಆ ಪುಸ್ತಕ ತೆಗೆಯುತ್ತಾಳೆ, ಅಪರಿಚಿತನಾದರೆ ತೆಗೆಯುವುದಿಲ್ಲ ಎಂದು ಲೆಕ್ಕ ಹಾಕಿದ.

ಔಷಧಿ ಅಂಗಡಿ ದಾಟಿದ ಮೇಲೆ ಎದುರಿಗೆ ಅಂಚೆಯವನು ಸಿಕ್ಕಿ ತಲೆ ಆಡಿಸಿದ. ಹೋದ ತಿಂಗಳು ತೆರಿಗೆಯ ಕಚೇರಿಯಿಂದ ಒಂದು ಲಕೋಟೆ ತಪ್ಪಿ ಮನೆಗೆ ಬಂದಿತ್ತು, ಮೇಲೆ ಅಂಗಡಿಯ ಹೆಸರು. “ಇದು ನಂದಲ್ಲ,” ಎಂದು ಅವನು ಹಿಂದಕ್ಕೆ ಕೊಟ್ಟ. “ನೀವೇ ಅಲ್ವಾ ದೊಡ್ಡಪ್ಪ?” ಎಂದು ಅಂಚೆಯವನು ಕಣ್ಣರಳಿಸಿದ. ಅವನು ಉತ್ತರಿಸಲಿಲ್ಲ. ಮೊದಮೊದಲು ಅದು ತಮಾಷೆಯಾಗಿತ್ತು. ಬೀದಿಯಲ್ಲಿ ಯಾರಾದರೂ ಕರೆದರೆ ತಿರುಗದೆ ಹೋಗುವುದು, ಅವರು ಓಡಿಬಂದು ಭುಜ ಮುಟ್ಟಿದರೆ ‘ಏನು ಮಾಡ್ಲಪ್ಪ, ಕಾನೂನು’ ಎನ್ನುವುದು. ಆಮೇಲೆ ಕರೆಯುವವರು ಕಡಿಮೆಯಾದರು. ಈಗ ಯಾರೂ ಕರೆಯುವುದಿಲ್ಲ. ಹಾಲಿನವಳು ‘ಇವ್ರೇ’ ಎನ್ನುತ್ತಾಳೆ. ಮೊನ್ನೆ ಬ್ಯಾಂಕಿನಲ್ಲಿ ಅವನ ಸಹಿ ಹಳೆಯ ಸಹಿಗೆ ಹೊಂದಲಿಲ್ಲ. ಗುಮಾಸ್ತೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಳು. ಹೊಸದು ಯಾರೋ ಅವನನ್ನು ನೋಡಿ ನೋಡಿ ಬರೆದ ಹಾಗಿತ್ತು.

ಅಂಗಡಿಯ ಬಾಗಿಲಿಗೆ ಕಟ್ಟಿದ ಗಂಟೆ ಅದೇ. ಬೋರ್ಡು ಅದೇ, ‘ಡ’ದ ಅಂಚು ಮಾಸಿದ್ದು ಸಹಿತ. ಒಳಗೆ ಮುಂದಿನ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಒಬ್ಬ ಮುದುಕನ ಕನ್ನಡಕ ಕೊಂಡವನ ಕೈಯಲ್ಲಿತ್ತು, ಅವನು ಅದನ್ನು ಬೂದು ಕೋಟಿನ ಅಂಚಿನಿಂದ ಒರೆಸುತ್ತಿದ್ದ. ಎರಡು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ, ಒಂದು ಊದು. ಮುದುಕನ ಕಿವಿಗೆ ಸಿಕ್ಕಿಸಿ, ಒಂದು ಹೆಜ್ಜೆ ಹಿಂದೆ ಸರಿದು, “ಈಗ ಲೋಕ ಚೊಕ್ಕ ಆಯ್ತಾ?” ಅಂದ. ಮುದುಕ ನಕ್ಕ. ಆ ಮಾತಿಗೆ ಮುದುಕ ಇಪ್ಪತ್ತು ವರ್ಷದಿಂದ ನಗುತ್ತಿದ್ದ. ಬಾಗಿಲಲ್ಲಿ ನಿಂತವನ ಮೈ ಜುಮ್ಮೆಂದಿತು. ಇದೆಲ್ಲ ಅವನೇ ಕಲಿಸಿದ್ದು. ಹಸ್ತಾಂತರದ ಮುಂಚೆ ಒಂದು ತಿಂಗಳು ಜೊತೆಗಿದ್ದು ಗಿರಾಕಿಗಳ ಪರಿಚಯ ಮಾಡಿಕೊಡಬೇಕೆಂದು ಪತ್ರದಲ್ಲೇ ಇತ್ತು. ಕೊಂಡವನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ: ಯಾರಿಗೆ ಸಕ್ಕರೆ ಕಾಯಿಲೆ, ಯಾರ ಸೊಸೆ ಬಿಟ್ಟುಹೋದಳು, ಬೆಲೆ ಹೇಳುವ ಮುಂಚೆ ಎಷ್ಟು ಹೊತ್ತು ಕೆಮ್ಮಬೇಕು. ಒಂದು ದಿನ ಪರದೆಯ ಹಿಂದೆ ನಿಂತು ‘ಓ’ ಎಂದು ಅಭ್ಯಾಸ ಮಾಡುತ್ತಿದ್ದ. ‘ಅಷ್ಟು ಉದ್ದ ಬೇಡ ಮಾರಾಯ್ರೆ,’ ಎಂದು ತಾನೇ ತಿದ್ದಿದ್ದು ನೆನಪಾಯಿತು. ‘ಚಿಕ್ಕದಾಗಿರ್ಬೇಕು, ಕೊನೇಲಿ ಸ್ವಲ್ಪ ಬೇಜಾರಿರ್ಬೇಕು. ಬೇಜಾರಿದ್ರೇನೇ ನಂಬೋದು.’ ಅವತ್ತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಬನ್ನಿ ಯಜಮಾನ್ರೇ,” ಎಂದ ಕೊಂಡವನು. ಸ್ಟೂಲಿನ ಪಕ್ಕ ನೇತುಹಾಕಿದ್ದ ಟೋಕನ್ ಒಂದನ್ನು ತೆಗೆದು ಕೈಗಿಟ್ಟ. ಆ ಟೋಕನ್‌ಗಳನ್ನು ಹಿತ್ತಾಳೆಯಲ್ಲಿ ಮಾಡಿಸಿದವನು ಇವನೇ, ಆದರೂ ತೆಗೆದುಕೊಂಡು ಬೆಂಚಿನ ಮೇಲೆ ಮೂರನೆಯವನಾಗಿ ಕೂತ. ಬರೀ ಒಂದು ಸ್ಕ್ರೂ ಎಂದು ಹೇಳಬೇಕೆಂದುಕೊಂಡ. ಪಕ್ಕದಲ್ಲಿದ್ದ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ, “ನೀವೂ ದೊಡ್ಡಪ್ಪಂಗೇ ತೋರಿಸ್ತೀರಾ? ಬಹಳ ಒಳ್ಳೆ ಕೈಗುಣ,” ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅವಳಿಗೆ ಅವನು ಮೂರು ಸಲ ಕನ್ನಡಕ ಮಾಡಿಕೊಟ್ಟಿದ್ದ.

ಅವರಿಬ್ಬರೂ ಹೋದ ಮೇಲೆ ಕೊಂಡವನು ಕಡ್ಡಿಯನ್ನೂ ಕನ್ನಡಕವನ್ನೂ ಇಸಿದುಕೊಂಡು ಮುಂದಿನ ಮೇಜಿನ ತಟ್ಟೆಯಲ್ಲಿಟ್ಟ. “ಸ್ಕ್ರೂ ಬಿಡಿ, ಒಂದು ನಿಮಿಷದ ಕೆಲಸ. ಬಂದಿದ್ದೀರಲ್ಲ, ಕಣ್ಣೂ ನೋಡಿಬಿಡೋಣ,” ಎಂದ. ಬೇಡವೆನ್ನುವಷ್ಟರಲ್ಲಿ ಮೊಣಕೈ ಹಿಡಿದು ಪರದೆಯ ಆಚೆ ನಡೆಸಿದ. ಕನ್ನಡಕವಿಲ್ಲದೆ ಎಲ್ಲ ಮಂಜಾಗಿತ್ತು. ತಿರುಗುವ ಕುರ್ಚಿ ಅವನನ್ನು ಕಿರ್ರೆಂದು ಬರಮಾಡಿಕೊಂಡಿತು. ಇಷ್ಟು ವರ್ಷದಲ್ಲಿ ಅವನು ಆ ಕುರ್ಚಿಯ ಹಿಂದೆ ನಿಂತಿದ್ದನೇ ಹೊರತು ಅದರಲ್ಲಿ ಕೂತಿರಲಿಲ್ಲ. ಪರೀಕ್ಷೆಯ ದಪ್ಪ ಫ್ರೇಮು ಮೂಗಿನ ಮೇಲೆ ಭಾರವಾಗಿ ಕೂತಿತು, ಬಲಗಣ್ಣಿಗೆ ಕಪ್ಪು ಬಿಲ್ಲೆ ಬಿತ್ತು, ಎದುರಿಗೆ ಅಕ್ಷರದ ಬೋರ್ಡಿನ ದೀಪ ಹತ್ತಿತು. ಬೋರ್ಡು ಒಂದು ಬಿಳಿಯ ಚೌಕ, ಅದರ ನಡುವೆ ಅವನ ಮಬ್ಬು. “ಮೇಲಿಂದ ಓದಿ.” ಅವನು ಓದಿದ. ರ. ಗ, ಠ. ನ, ಪ, ಲ. ಯಾವ ಸಾಲಿನ ನಂತರ ಯಾವ ಸಾಲೆಂದು ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ಸ್ವಲ್ಪ ತಡವರಿಸಿದ, ಅನುಮಾನ ಬರದಿರಲಿ ಎಂದು.

“ಅದು ಹಳೇ ಬೋರ್ಡು, ಯಜಮಾನ್ರೇ,” ಎಂದಿತು ಹಿಂದಿನಿಂದ ಧ್ವನಿ ನಿಧಾನವಾಗಿ. “ಹೋದ ತಿಂಗಳೇ ಬದಲಾಯಿಸಿದೆ.”

ಮುಖಕ್ಕೆ ರಕ್ತ ನುಗ್ಗಿತು. ಕತ್ತಲಿದ್ದದ್ದು ಪುಣ್ಯ. ಕೊಂಡವನು ಬೇಸರ ಮಾಡಿಕೊಳ್ಳಲಿಲ್ಲ, ಗಾಜು ಬದಲಾಯಿಸುತ್ತ ಹೋದ, ಇದು ಚೆನ್ನಾಗಿದೆಯೋ ಇದೋ, ಇದೋ ಮೊದಲಿನದೋ. ಯಾವುದೂ ಚೆನ್ನಾಗಿರಲಿಲ್ಲ. “ಪುಸ್ತಕ ನೋಡಿದಾಗ್ಲೇ ಗೊತ್ತಾಯ್ತು ನಂಗೆ,” ಎಂದ, ಹವಾಮಾನದ ಮಾತಾಡುವವನ ಹಾಗೆ. “ಆ ಎರಡು ಜಡೆ ಹುಡುಗಿ. ಮೂವತ್ತು ಇರ್ಬೇಕಾದಲ್ಲಿ ಎಂಬತ್ತು.”

ಅವನು ಕುರ್ಚಿಯ ಕೈ ಹಿಡಿದುಕೊಂಡ. “ನಾನೇ ಹೋಗಿ ಹೇಳ್ಬೇಕು ಅಂತ...” ಎಂದು ಶುರುಮಾಡಿದ.

“ಹೋಗಿದ್ದೆ,” ಎಂದ ಕೊಂಡವನು. “ಅವರ ಮನೆಗೇ ಹೋದೆ. ಹೊಸ ಗಾಜು ಹಾಕಿಕೊಟ್ಟೆ. ದೊಡ್ಡಪ್ಪಂದು ತಪ್ಪಾಯ್ತಮ್ಮ, ಗೊತ್ತಿದ್ದೂ ಮುಚ್ಚಿಟ್ಟೆ ಅಂತ ಕೈ ಮುಗಿದೆ. ಆ ತಾಯಿ ಮೊದಲು ಬೈದ್ರು. ಚೆನ್ನಾಗೇ ಬೈದ್ರು. ಆಮೇಲೆ ಅತ್ತರು. ಆಮೇಲೆ ಟೀ ಕೊಟ್ರು. ಕ್ಷಮಿಸಿಬಿಟ್ರು ಕಣ್ರೀ, ಒಂದೇ ಒಂದು ಮಾತೂ ಇಟ್ಕೊಳ್ದೆ.”

“ಅದು ನನ್ನ ತಪ್ಪು,” ಎಂದ ಅವನು. ಧ್ವನಿ ಕೀರಲಾಗಿತ್ತು.

“ಗುಣದೋಷ ಸಮೇತ ಕೊಂಡಿದ್ದೀನಲ್ಲ,” ಎಂದ ಕೊಂಡವನು, ಸಮಾಧಾನ ಮಾಡುವಂತೆ. ಭುಜದ ಮೇಲೆ ಕೈಯಿಟ್ಟ. ಪರೀಕ್ಷೆಗೆ ಹೆದರುವ ಗಿರಾಕಿಯ ಭುಜದ ಮೇಲೆ ಹಾಗೆ ಕೈಯಿಡಬೇಕೆಂದು ಇವನೇ ಹೇಳಿಕೊಟ್ಟಿದ್ದ. ಹಗುರಾಗಬೇಕಿತ್ತು. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದನ್ನು ಯಾರೋ ಎತ್ತಿಕೊಂಡು ಹೋಗಿದ್ದರು, ಆದರೆ ಆ ಜಾಗದಲ್ಲಿ ಉಸಿರು ಬರುವ ಬದಲು ಒಂದು ಟೊಳ್ಳು. ಆ ತಾಯಿ ಬೈದದ್ದು ಏನೆಂದು ಬೈದಳು? ಟೀಗೆ ಸಕ್ಕರೆ ಹಾಕಿದ್ದಳೇ? ಅದು ತನಗೆ ಸಿಗಬೇಕಾದ ಬೈಗುಳ. ಅದನ್ನಾದರೂ ಮಾರಿರಲಿಲ್ಲವೆಂದು ಅವನು ತಿಳಿದಿದ್ದ.

ಮುಂದೆ ಗಂಟೆ ಅಲುಗಿತು. ಚಪ್ಪಲಿಯ ಸದ್ದು ಸ್ಟೂಲಿನವರೆಗೆ ಬಂದು ನಿಂತಿತು. ಆ ಹೆಜ್ಜೆ ಗೊತ್ತಾಗುವ ಮೊದಲೇ ಅವನ ಕುತ್ತಿಗೆಯ ಕೂದಲು ನಿಮಿರಿತು.

“ದೊಡ್ಡಪ್ಪಾ...”

ಏಳು ತಿಂಗಳು. ಸ್ವಲ್ಪ ಒಡೆದ, ಇನ್ನೂರು ಹೆಸರು ಕೂಗಿ ದಣಿದ ಧ್ವನಿ, ಕೊನೆಯ ಅಕ್ಷರವನ್ನು ನಾಲ್ಕು ವರ್ಷದ ಮಗುವಿನ ಹಾಗೆಯೇ ಮೇಲಕ್ಕೆ ಎಳೆಯುತ್ತಿತ್ತು. ಅವನು ಬಾಯಿ ತೆರೆದ. ತೆರೆದ ಬಾಯಿಯಲ್ಲಿ ಮೊದಲು ಬಂದದ್ದು ಆ ಪುಟ, ಪುಟದ ಕೆಳಗಿನ ತನ್ನ ಸಹಿ. ಅದನ್ನು ಪಕ್ಕಕ್ಕೆ ತಳ್ಳಲು ಒಂದು ಗಳಿಗೆ ಸಾಕಿತ್ತು, ಒಂದೇ ಗಳಿಗೆ. ಭುಜದ ಮೇಲಿನ ಕೈ ಮೆಲ್ಲಗೆ ಒತ್ತಿತು.

“ಓ. ಹೇಳು,” ಎಂದ ಕೊಂಡವನು. ಚಿಕ್ಕದಾಗಿ, ಕೊನೆಯಲ್ಲಿ ಸ್ವಲ್ಪ ಬೇಜಾರಿನಿಂದ.

ಪರದೆಯ ಆಚೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. “ಅಬ್ಬಾ, ಇಲ್ಲಿದ್ದೀರಾ. ಮನೇಲಿಲ್ಲ, ಊಟ ಮುಟ್ಟಿಲ್ಲ, ಜೀವ ಹಾರಿಹೋಗಿತ್ತು ನಂಗೆ. ಪರೀಕ್ಷೆ ನಡೀತಿದೆಯಾ? ಪರದೆ ಎತ್ತಲ್ಲ ಬಿಡಿ.” ಸ್ಟೂಲು ಎಳೆದ ಸದ್ದು. ಕೂತಳು. “ಒಳ್ಳೇದೇ ಆಯ್ತು. ಎದುರಿಗೆ ಕೂತು ಹೇಳೋಕೆ ಆಗ್ತಿರ್ಲಿಲ್ಲ. ದೊಡ್ಡಪ್ಪ, ನಂಗೆ ಗೊತ್ತಿತ್ತು. ನಿಮ್ಗೆ ಅಂಕಿ ಕಾಣ್ತಿರ್ಲಿಲ್ಲ ಅಂತ ಮೊದಲಿಂದ್ಲೂ ಗೊತ್ತಿತ್ತು. ಭಾನುವಾರ ಬಂದಾಗೆಲ್ಲ ಪುಸ್ತಕ ತೆಗೆದು ಎಷ್ಟೋ ತಿದ್ದಿದ್ದೀನಿ. ಆ ಮಗೂದು ಒಂದು ನನ್ನ ಕಣ್ಣು ತಪ್ಪಿಹೋಯ್ತು. ಅದರ ತಾಯಿ ಮೊನ್ನೆ ಆಸ್ಪತ್ರೇಲಿ ಸಿಕ್ಕಿ, ದೊಡ್ಡಪ್ಪ ಮನೆಗೇ ಬಂದು ಕೈ ಮುಗಿದ್ರು ಅಂದ್ರು. ಅದನ್ನ ಕೇಳಿದ್ಮೇಲೆ ನಂಗೆ... ನಂಗೊಂದು ಮಾತು ಹೇಳ್ಬಹುದಿತ್ತಲ್ವಾ? ನೀವು ಹೇಳ್ಲಿಲ್ಲ ಅಂತ ಸಿಟ್ಟು ಬಂದಿದ್ದು. ಮಾರಿದ್ದಕ್ಕಲ್ಲ.” ಮೂಗು ಸೇದಿದಳು. “ಈಗ ಸಿಟ್ಟಿಲ್ಲ. ನಿಜವಾಗ್ಲೂ ಇಲ್ಲ. ಕೇಳಿಸ್ತಾ?”

ಕೇಳಿಸಿತು ಎನ್ನಬೇಕು. ಆ ಮನೆಗೆ ಹೋದವನು ನಾನಲ್ಲ ಎಂದೂ ಹೇಳಬೇಕು. ಎರಡರಲ್ಲಿ ಯಾವುದು ಮೊದಲು? ಹೋದವನು ನಾನಲ್ಲ ಎಂದರೆ ಈ ಕ್ಷಮೆ ನಿಲ್ಲುತ್ತದೆಯೇ? ದಪ್ಪ ಫ್ರೇಮಿನೊಳಗೆ ಅವನ ಒಂದು ಕಣ್ಣು ಬಿಳಿಯ ಚೌಕವನ್ನು ನೋಡುತ್ತಿತ್ತು. ಅವಳು ಕಾಯುತ್ತಿದ್ದಳು. ಅವನು ಹೇಡಿ, ಯಾವಾಗಲೂ ಹೇಡಿಯೇ, ಪುಸ್ತಕ ಮುಚ್ಚಿಟ್ಟವನು. ಈಗಲೂ ಒಂದು ಕ್ಷಣ ಮುಚ್ಚಿಟ್ಟ.

“ಕೇಳಿಸ್ತು ಕಣಮ್ಮಾ,” ಎಂದ ಕೊಂಡವನು. ನಾಟಕವಲ್ಲ; ಭುಜದ ಮೇಲಿನ ಕೈ ತೆಗೆದು ಮೂಗು ಒರೆಸಿಕೊಂಡ. “ನಂದು ತಪ್ಪಾಯ್ತು. ನಿನ್ನ ಕೇಳ್ಬೇಕಿತ್ತು.”

“ಹೋಗ್ಲಿ ಬಿಡಿ. ಬೇಗ ಮುಗಿಸ್ಕೊಂಡು ಬನ್ನಿ, ಊಟ ಬಿಸಿ ಮಾಡಿರ್ತೀನಿ. ನಾನೂ ತಿಂದಿಲ್ಲ.”

“ನೀನು ನಡಿ. ಬಂದೆ.”

ಗಂಟೆ ಅಲುಗಿತು. ಚಪ್ಪಲಿಯ ಸದ್ದು ಬೀದಿಗಿಳಿದು ಉಳಿದ ಸದ್ದುಗಳಲ್ಲಿ ಸೇರಿಹೋಯಿತು. ಆಗ ಅವನ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದದ್ದು ತಾನಾಗಿ ಹೊರಬಿತ್ತು. “ಓ...” ಎಂದ. ಕತ್ತಲಲ್ಲಿ ಅದು ಉದ್ದವಾಗಿ, ಅಂಗಲಾಚುವ ಹಾಗೆ ಎಳೆದುಕೊಂಡು ಹೋಯಿತು.

“ಅಷ್ಟು ಉದ್ದ ಬೇಡ, ಯಜಮಾನ್ರೇ,” ಎಂದ ಕೊಂಡವನು ಮೃದುವಾಗಿ.

ಬೋರ್ಡಿನ ದೀಪ ಆರಿತು. ಪರದೆ ಸರಿಯಿತು, ಮುಂದಿನ ಬೆಳಕು ಕಣ್ಣಿಗೆ ಚುಚ್ಚಿತು. ಮಂಜಿನಲ್ಲಿ ಒಂದು ಬೂದು ಕೋಟು ಮೇಜಿನ ಬಳಿ ಬಗ್ಗಿ ಏನೋ ತಿರುಗಿಸುತ್ತಿತ್ತು, ಒಂದು ನಿಮಿಷದ ಕೆಲಸ. ಬಲಗಡೆಯ ಜೇಬು ಜೋತುಬಿದ್ದಿತ್ತು. ಆಮೇಲೆ ಅದು ಮೊಳೆಯಿಂದ ಕೊಡೆ ತೆಗೆದುಕೊಂಡಿತು. “ಊಟ ಬಿಸಿ ಮಾಡಿರ್ತಾಳಂತೆ,” ಎಂದಿತು. “ತಡ ಮಾಡಿದ್ರೆ ಗಾಬರಿ ಬೀಳ್ತಾಳೆ. ಅಂಗಡಿ ಒಂದಿಷ್ಟು ಹೊತ್ತು ನೋಡ್ಕೊಳ್ತೀರಲ್ಲ?” ಮೂವತ್ತೆಂಟು ವರ್ಷದಲ್ಲಿ ಅಂಗಡಿಯನ್ನು ಒಂದು ಗಳಿಗೆಯೂ ಖಾಲಿ ಬಿಟ್ಟು ಹೋದವನಲ್ಲ ಅವನು. ತಮ್ಮ ಸತ್ತ ದಿನ ಕೂಡ ಪಕ್ಕದವನನ್ನು ಕೂರಿಸಿಯೇ ಹೋಗಿದ್ದ. ತಲೆ ತಾನಾಗಿ ಆಡಿತು. ಗಂಟೆ ಸದ್ದಾದ ಮೇಲೆಯೇ ಯಾವುದಕ್ಕೆ ಒಪ್ಪಿಕೊಂಡೆನೆಂದು ಗೊತ್ತಾದದ್ದು. ಎದ್ದ, ದಪ್ಪ ಫ್ರೇಮು ಕಿತ್ತ, ಕುರ್ಚಿಗೆ ಮೊಣಕಾಲು ತಾಗಿಸಿಕೊಂಡು ತಡವರಿಸುತ್ತ ಮೇಜಿಗೆ ಬಂದ. ತಟ್ಟೆಯಲ್ಲಿ ಅವನ ಕನ್ನಡಕ, ಕಡ್ಡಿ ಸರಿಯಾಗಿ ಕೂತಿತ್ತು, ಗಾಜು ಒರೆಸಿತ್ತು. ಹಾಕಿಕೊಂಡು ಬಾಗಿಲಿಗೆ ಹೋಗಿ ನೋಡಿದ. ಔಷಧಿ ಅಂಗಡಿಯ ತಿರುವಿನಲ್ಲಿ ಬೂದು ಕೋಟು ಎಡಕ್ಕೆ ಹೊರಳಿತು, ಮನೆಯ ಕಡೆಗೆ, ಯಾರನ್ನೂ ದಾರಿ ಕೇಳದೆ. ಓಡಬಹುದಿತ್ತು. ಅವಳು ಬಾಗಿಲು ತೆಗೆದ ಕೂಡಲೇ ಕಿರುಚಿಕೊಳ್ಳುತ್ತಾಳೆ ಎಂದುಕೊಂಡ. ಕಿರುಚಿಕೊಳ್ಳಲೇಬೇಕು. ಬೀದಿಯ ಸದ್ದಿನೊಳಗೆ ಅದಕ್ಕಾಗಿ ಕಿವಿಗೊಟ್ಟು ನಿಂತ. ಎಷ್ಟು ಹೊತ್ತು ನಿಂತನೋ, ಅಷ್ಟು ದೂರದಿಂದ ಏನೂ ಕೇಳಿಸಲಿಲ್ಲ. ಒಳಗೆ ಬಂದು ಸ್ಟೂಲನ್ನು ಅದರ ಜಾಗಕ್ಕೆ ಸರಿಸಿದ. ಸ್ಟೂಲು ಇನ್ನೂ ಬೆಚ್ಚಗಿತ್ತು.

ಗಂಟೆ ಅಲುಗಿದಾಗ ಬೆಚ್ಚಿಬಿದ್ದ. ಒಬ್ಬ ಮುದುಕಿ, ಎರಡು ತುಂಡಾದ ಕನ್ನಡಕವನ್ನು ಅಂಗೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟನ್ನು ಸವರುತ್ತ ಒಳಗೆ ಬಂದಳು. ಅವನಿದ್ದ ಕಡೆ ಮುಖ ಮಾಡಿ ಕಣ್ಣು ಕಿರಿದುಗೊಳಿಸಿದಳು.

“ದೊಡ್ಡಪ್ಪಾ,” ಎಂದಳು.

ಅವನು ಸುಮ್ಮನೆ ನಿಂತ.

“ದೊಡ್ಡಪ್ಪಾ... ಇಲ್ವಾ?”

“ಇಲ್ಲಮ್ಮ,” ಎಂದ. “ಊಟಕ್ಕೆ ಮನೆಗೆ ಹೋದ್ರು.”